ಅತ್ತೆಯ ಕೂಗು, ನನ್ನ ಲೂಪು

ಕಾವ್ಯ ಓದುವ ಮೊದಲು ಕೈ ಮುಗಿಯುವುದು ನಮ್ಮ ಮನೆಯ ವಾಡಿಕೆ. ನಾನು ಓದುವವಳಲ್ಲ, ಕೇಳುವವಳು. ಆದರೂ ಇದನ್ನು ಬರೆಯಲು ಕೂತಾಗ ಕೈಗಳು ತಾವಾಗಿ ಕೂಡಿಕೊಂಡವು. ಮೊದಲು ದೇವರಿಗೆ, ಆಮೇಲೆ ನನ್ನ ಸೋದರತ್ತೆಗೆ, ಆಮೇಲೆ ನನಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸಿದ ರೆಹಾನಾಗೆ, ಕೊನೆಗೆ ಬಾವಿ ಬೀದಿಯಲ್ಲಿ ತಟ್ಟೆ ಇಡ್ಲಿ ಮಾರುವ ಚೆನ್ನಾಜಮ್ಮನಿಗೆ. ಕೊನೆಗೆ ಅಂದೆನಲ್ಲ, ಅದು ಸಾಲಿನಲ್ಲಿ ಮಾತ್ರ ಕೊನೆ.

ನಮ್ಮ ಊರಿನಲ್ಲಿ ಹೆಸರು ಕೂಗದೆ ಯಾರಿಗೂ ಎಚ್ಚರವಾಗುವುದಿಲ್ಲ. ಹೆಸರಿಡುವ ದಿನ ಯಾವ ದನಿ ಮೊದಲು ಆ ಹೆಸರನ್ನು ಕರೆಯಿತೋ, ಬದುಕಿರುವಷ್ಟು ಕಾಲವೂ ಆ ದನಿಗೇ ಏಳುವುದು. ಅದೂ ಸೂರ್ಯ ಹುಟ್ಟುವ ಮುಂಚೆ ಕರೆದರೆ ಮಾತ್ರ. ಬಿಸಿಲು ಬಿದ್ದ ಮೇಲೆ ಎಷ್ಟು ಕೂಗಿದರೂ ಮಲಗಿದವರು ಮಲಗಿದ ಹಾಗೆಯೇ, ಮತ್ತೆ ಮರುದಿನದ ಬೆಳಗಿಗೇ. ಹಾಗಾಗಿ ನಮ್ಮಲ್ಲಿ ಮಧ್ಯಾಹ್ನ ಯಾರೂ ಒರಗುವುದಿಲ್ಲ. ಬಸ್ ಕಂಡಕ್ಟರ್ ಒಬ್ಬರು ಊಟವಾದ ಮೇಲೆ ಒಂಚೂರು ತೂಕಡಿಸಿ, ಅವರನ್ನು ಟಿಕೆಟ್ ಚೀಲ ಸಮೇತ ಹೊತ್ತು ಮನೆಗೆ ತಂದು ಹಾಕಿದ್ದನ್ನು ಈಗಲೂ ಹೇಳಿಕೊಂಡು ನಗುತ್ತಾರೆ. ಹೆಸರಿಡದ ಕೂಸುಗಳು ಮಾತ್ರ ತಮಗೆ ತೋಚಿದಾಗ ಏಳುತ್ತವೆ. ಅವು ರಾತ್ರಿ ಅತ್ತರೆ ತಾಯಿಗೆ ಕೇಳಿಸದು. ಅದಕ್ಕೆ ಓಣಿಯವರು ಪಾಳಿ ಹಾಕಿಕೊಂಡು ನಿದ್ದೆಗೆಟ್ಟು ತೂಗುತ್ತಾರೆ. "ಬೇಗ ಒಂದು ಹೆಸರಿಟ್ಟು ಪುಣ್ಯ ಕಟ್ಕೊಳ್ರೀ" ಎಂದು ಬಾಣಂತಿಯ ಮನೆಯವರನ್ನು ಅಕ್ಕಪಕ್ಕದವರು ಕಾಡುವುದು ನಮ್ಮಲ್ಲಿ ಮಾಮೂಲು.

ಕೂಗುವವರಿಗೆ ಹೆಸರಿಲ್ಲ. ನನ್ನ ಸೋದರತ್ತೆಗೂ ಇಲ್ಲ. ಊರಿಗೆಲ್ಲ ಅವರು ಕೂಗಮ್ಮ, ನನಗೆ ಅತ್ತೆ. ನಾನು ಹುಟ್ಟುವ ಎಷ್ಟೋ ಮುಂಚಿನಿಂದ, ತಾವು ಚಿಕ್ಕ ಹುಡುಗಿಯಾಗಿದ್ದಾಗಿನಿಂದ, ಅವರೇ ಕೂಗುಕಟ್ಟೆ ಹತ್ತುತ್ತಿದ್ದುದು; ಊರಿನ ಈಗಿನ ಮುದುಕರನ್ನೂ ತೊಟ್ಟಿಲಲ್ಲಿ ಮೊದಲು ಹೆಸರು ಹಿಡಿದು ಕರೆದದ್ದು ಅವರೇ. ಬೀದಿಗೊಂದು ಪದ್ಯದಂತೆ ಊರಿನ ಹೆಸರುಗಳನ್ನೆಲ್ಲ ಷಟ್ಪದಿಯ ಧಾಟಿಯಲ್ಲಿ ಜೋಡಿಸಿಟ್ಟಿದ್ದರು. ಹುಟ್ಟಿದವರನ್ನು ಸೇರಿಸುವಾಗ, ಹೋದವರನ್ನು ಬಿಡುವಾಗ ಧಾಟಿ ಕೆಡದಂತೆ ಎಲ್ಲೋ ಒಂದು 'ಅಣ್ಣ', ಇನ್ನೆಲ್ಲೋ ಒಂದು 'ತಾಯಿ' ಇಟ್ಟು ಸರಿದೂಗಿಸುತ್ತಿದ್ದರು. ಯಾರಾದರೂ ತೀರಿಕೊಂಡರೆ ಮರುದಿನ ಬೆಳಗ್ಗೆ ಅವರ ಸರದಿ ಬಂದಾಗ ಒಂದು ಸಲ "ಹೋಗಿ ಬಾರಪ್ಪಾ" ಎಂದು ಕಳಿಸಿಕೊಟ್ಟು, ಅಲ್ಲಿಗೆ ಆ ಹೆಸರನ್ನು ಬಿಡುವುದು ಕ್ರಮ. ನಾನು ಅವರ ಕಾವ್ಯವಾಚನದ ಮುಂದೆ ಕೂತು ಬೆಳೆದವಳು. ಬಾಯಿ ಬಿಟ್ಟು ಹಾಡಿದ್ದಿಲ್ಲ. "ನಮ್ಮ ನೀಲಾಂಬಿಕೆಗೆ ದೇವರು ಎರಡು ಕಿವಿ ಕೊಟ್ಟು ಬಾಯಿ ಮರೆತ" ಎಂದು ಅತ್ತೆ ಛೇಡಿಸುತ್ತಿದ್ದರು.

ಆ ಗಂಟಲಿನಲ್ಲೇ ಗಡ್ಡೆ ಬಂತು. ಪಟ್ಟಣದ ಡಾಕ್ಟರು ನೋಡಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತಡ ಮಾಡಿದರೆ ಪ್ರಾಣಕ್ಕೇ ಅಪಾಯ ಎಂದರು. ಅತ್ತೆ ನಕ್ಕರು. "ಗಂಟಲು ಕೊಟ್ಟು ನಾನು ಉಳೀತೀನಿ. ಊರು ಏಳೋದು ಹೇಗೆ?" ಬೇರೆ ಯಾರು ಕೂಗಿದರೂ ಪ್ರಯೋಜನವಿಲ್ಲ ಎಂದು ಡಾಕ್ಟರಿಗೆ ಹೇಗೆ ಹೇಳುವುದು! ಔಷಧ ತೆಗೆದುಕೊಂಡು ಬಂದುಬಿಟ್ಟೆವು. ದಿನದಿಂದ ದಿನಕ್ಕೆ ಅವರು ಅನ್ನ ನುಂಗಲು ಕಷ್ಟಪಡುವುದನ್ನು ನೋಡುತ್ತಾ ನಾನು ತಟ್ಟೆ ಮುಂದೆ ಸುಮ್ಮನೆ ಕೂರುತ್ತಿದ್ದೆ.

ದಾರಿ ತೋರಿಸಿದವಳು ರೆಹಾನಾ. ವಾಚನಾಲಯದ ಮಾಳಿಗೆಯಲ್ಲಿ ಹಳೆಯ ಕಂಪ್ಯೂಟರುಗಳನ್ನು ಇಟ್ಟುಕೊಂಡು ದೊಡ್ಡವರಿಗೆ ಪಾಠ ಹೇಳುತ್ತಿದ್ದ ಹುಡುಗಿ. ಅತ್ತೆ ತನ್ನ ಹೆಸರು ಕರೆದದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಒಂದು ದಿನ ತನ್ನ ಹೆಸರು ಬಿಡಿರಿ ಎಂದು ಅತ್ತೆಯನ್ನು ಕೇಳಿಕೊಂಡು, ಬೆಳಗಿನ ಜಾವಕ್ಕೆ ಅದೇ ಕೂಗು ಬರುವಂತೆ ಮಾಡಿ ಆ ಫೋನನ್ನು ತಲೆದಿಂಬಿನ ಪಕ್ಕ ಇಟ್ಟು ಮಲಗಿದಳು. ಎದ್ದಳು. ಬರಿಗಾಲಲ್ಲಿ ನಮ್ಮ ಮನೆಗೆ ಓಡಿ ಬಂದು, "ಅಜ್ಜೀ, ಪೆಟ್ಟಿಗೆಯಿಂದ ಬಂದರೂ ನಿಮ್ಮ ದನಿ ನಿಮ್ಮದೇ!" ಎಂದು ಅತ್ತೆಯ ಕೈ ಹಿಡಿದು ಕುಣಿದಳು.

ಆಮೇಲೆ ಮಧ್ಯಾಹ್ನಗಳೆಲ್ಲ ಅದೇ ಕೆಲಸ. ಅತ್ತೆ ಬಿಸಿನೀರು ಗುಟುಕರಿಸುತ್ತಾ ಒಬ್ಬೊಬ್ಬರ ಹೆಸರನ್ನೇ ಹೇಳುವರು, ರೆಹಾನಾ ಹಿಡಿದಿಡುವಳು. ಹಿಡಿದಿಟ್ಟ ಕೂಗುಗಳನ್ನು ಸಾಲಾಗಿ ಒಂದೊಂದೇ ಹೊರಬಿಡಬೇಕಲ್ಲ, ಅದಕ್ಕೆ ಪ್ರೋಗ್ರಾಂ ಬೇಕು. "ನೀವೇ ಬರೀರಿ ಅಕ್ಕಾ" ಎಂದಳು ರೆಹಾನಾ. ನನಗೆ ಮೌಸ್ ಹಿಡಿಯಲೂ ಬರುತ್ತಿರಲಿಲ್ಲ. "ನನಗೇನು ಬಹಳ ಬರುತ್ತೆ ಅಂದ್ಕೊಂಡ್ರಾ? ನಿಮಗಿಂತ ಎರಡು ಪಾಠ ಮುಂದೆ ಇದ್ದೀನಿ, ಅಷ್ಟೇ. ಆದರೆ ಊರಿನ ಸಾಲು ನಿಮ್ಮ ಕಿವೀಲಿದೆ. ನನಗೆ ನಮ್ಮ ಓಣಿ ದಾಟಿದರೆ ಯಾರು ಯಾರ ಮುಂದೆ ಅಂತ ಗೊತ್ತಿಲ್ಲ."

ಹಾಗೆ ನಾನು ಮಾಳಿಗೆಯ ಮೆಟ್ಟಿಲು ಹತ್ತಿದೆ. ಮೊದಲ ದಿನ ತರಕಾರಿಗಳ ಲಿಸ್ಟ್. ಚೌಕ ಕಂಸದೊಳಗೆ ಬದನೆಕಾಯಿ, ಹೀರೆಕಾಯಿ, ನುಗ್ಗೆಕಾಯಿ. ಲಿಸ್ಟಿನಲ್ಲಿ ಮೊದಲನೆಯದರ ಸ್ಥಾನ ಸೊನ್ನೆ ಎಂದಾಗ ಪಕ್ಕದಲ್ಲಿ ಕಲಿಯುತ್ತಿದ್ದ ಅಂಗಡಿಯವರು ಜಗಳಕ್ಕೇ ನಿಂತರು. ನನಗೇನೂ ವಿಚಿತ್ರ ಅನ್ನಿಸಲಿಲ್ಲ. ಸಂಧಿ ಶುರುವಾಗುವ ಮುಂಚಿನ ಸ್ತುತಿಪದ್ಯವನ್ನು ನಾವು ಲೆಕ್ಕಕ್ಕೆ ಹಿಡಿಯುತ್ತೇವೆಯೇ? ಫಾರ್ ಲೂಪ್ ಅರ್ಥವಾದ ದಿನವಂತೂ ನನ್ನ ಬೆರಳುಗಳಿಗೆ ಅದು ಮೊದಲೇ ಗೊತ್ತಿತ್ತು ಅನ್ನಿಸಿತು. ಜಪಮಾಲೆಯಲ್ಲಿ ಮಣಿಯಿಂದ ಮಣಿಗೆ ಬೆರಳು ಸರಿಯುತ್ತದೆ, ಪ್ರತಿ ಮಣಿಗೂ ಅದೇ ಮಂತ್ರ. ಮಂತ್ರವನ್ನು ಒಂದೇ ಸಲ ಬರೆದರೆ ಸಾಕು. ತೆರೆಯ ಮೇಲೆ ಬದನೆಕಾಯಿ, ಹೀರೆಕಾಯಿ, ನುಗ್ಗೆಕಾಯಿ ಒಂದರ ಕೆಳಗೊಂದು ತಾವಾಗಿ ಇಳಿದು ಬಂದಾಗ ನಾನು ಕೈ ಮುಗಿದೆನಂತೆ. ರೆಹಾನಾ ಹೇಳಿದ್ದು, ನನಗೆ ನೆನಪಿಲ್ಲ.

ಎಡವಿದ್ದೂ ಉಂಟು. ಲೂಪಿನ ಸಾಲಿನ ಕೊನೆಗೆ ಕೋಲನ್ ಹಾಕಲು ಮರೆತು ಬೈಸಿಕೊಂಡೆ. ಒಳಗಿನ ಸಾಲಿನ ಮುಂದೆ ಜಾಗ ಬಿಡಲು ಮರೆತು ಬೈಸಿಕೊಂಡೆ. ಬೈಯುತ್ತಿದ್ದುದು ರೆಹಾನಾ ಅಲ್ಲ, ಕೆಂಪು ಅಕ್ಷರದಲ್ಲಿ ಕಂಪ್ಯೂಟರು. ಅಪೆಂಡ್ ಅಂದರೆ ಕೊನೆಗೆ ಸೇರಿಸುವುದು, ಇನ್ಸರ್ಟ್ ಅಂದರೆ ಹೇಳಿದ ಜಾಗದಲ್ಲಿ ತೂರಿಸುವುದು, ರಿಮೂವ್ ಅಂದರೆ ತೆಗೆಯುವುದು, ಇವೆಲ್ಲ ಬಂದವು. ಊರಿನ ಹೆಸರುಗಳನ್ನೆಲ್ಲ ಕುಟ್ಟಿ ಮುಗಿಸಿದ ದಿನ, ಸಾರ್ಟ್ ಎಂಬುದೊಂದು ಇದೆಯಲ್ಲ ನೋಡೋಣ ಎಂದು ಅದನ್ನೂ ಹಾಕಿದೆ. ಅಕಾರಾದಿಯಾಗಿ ಸಾಲು ನಿಂತಿತು. ಎಲ್ಲರಿಗಿಂತ ಮೊದಲು ಏಳಬೇಕಾದ ಹಾಲಿನ ಹೊನ್ನೇಗೌಡರು ಸಾಲಿನ ಕೊನೆಗೆ ಹೋಗಿಬಿಟ್ಟರು. "ಅಯ್ಯೋ ಅಕ್ಕಾ, ಅದು ಇದ್ದ ಲಿಸ್ಟನ್ನೇ ಕಲಕಿಬಿಡುತ್ತೆ, ಹಳೇದು ಸಿಗಲ್ಲ!" ಎಂದು ರೆಹಾನಾ ತಲೆ ಮೇಲೆ ಕೈ ಹೊತ್ತಳು. ನಾನು ಕಣ್ಣು ಮುಚ್ಚಿ ಅತ್ತೆಯ ಪದ್ಯಗಳನ್ನು ಮನಸ್ಸಿನಲ್ಲಿ ಕೇಳಿಸಿಕೊಂಡು ಮೊದಲಿಂದ ಮತ್ತೆ ಕುಟ್ಟಿದೆ.

ಪ್ರೋಗ್ರಾಂ ಸಿದ್ಧವಾಯಿತು. ಲಿಸ್ಟಿನಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಳ್ಳುವುದು. ಬದುಕಿದ್ದರೆ ಅವರ ಕೂಗು ಹಾಕುವುದು. ತೀರಿಕೊಂಡಿದ್ದರೆ ಅತ್ತೆಯ "ಹೋಗಿ ಬಾ" ಹಾಕಿ, ಅಲ್ಲೇ, ಆ ಸರದಿಯಲ್ಲೇ, ಹೆಸರನ್ನು ರಿಮೂವ್ ಮಾಡುವುದು. ಅತ್ತೆ ಮಾಡುತ್ತಿದ್ದುದೂ ಹಾಗೆಯೇ ತಾನೆ? ಬೆಳಗಿನ ಜಾವಕ್ಕೆ ತಾನಾಗಿ ಶುರುವಾಗುವಂತೆ ಇಟ್ಟು, ಕೂಗುಕಟ್ಟೆಗೆ ಸ್ಪೀಕರ್ ಕಟ್ಟಿದೆವು. ಅತ್ತೆ ಬಾಯಿ ಮುಚ್ಚಿ ಪಕ್ಕದಲ್ಲಿ ಕೂತರು. ಕೆಲವು ದಿನ ಒಬ್ಬರೂ ಬಿಡದೆ ಊರೆಲ್ಲ ಎದ್ದಿತು. ಆಸ್ಪತ್ರೆಗೆ ಹೋಗಲು ಅತ್ತೆ ಚೀಲಕ್ಕೆ ಸೀರೆ ತುಂಬಿಕೊಂಡರು.

ಆ ವಾರವೇ ಬಾವಿ ಬೀದಿಯ ಗುರುಲಿಂಗಯ್ಯನವರು ತೀರಿಕೊಂಡರು. ತುಂಬು ವಯಸ್ಸು, ಸುಖದ ಸಾವು. ಮರುದಿನ ಯಂತ್ರ ಅವರಿಗೆ "ಹೋಗಿ ಬಾ" ಹೇಳಿತು, ಹೆಸರು ತೆಗೆಯಿತು, ಮುಂದಕ್ಕೆ ಹೋಯಿತು. ಪಟ್ಟಿಯಲ್ಲಿ ಅವರ ಮುಂದಿನ ಹೆಸರು ಚೆನ್ನಾಜಮ್ಮನದು, ಅದರ ಮುಂದಿನದು ಅವಳ ಗಂಡ ರುದ್ರಪ್ಪನವರದು. ರುದ್ರಪ್ಪನವರು ಎದ್ದರು. ಚೆನ್ನಾಜಮ್ಮ ಏಳಲಿಲ್ಲ. ಅವಳು ಎದ್ದಿಲ್ಲ ಎಂಬ ಸುದ್ದಿ ಕಟ್ಟೆಗೆ ಮುಟ್ಟಿ, ಅವಳ ಹೆಸರು ಬರಲೇ ಇಲ್ಲ ಎಂದು ಅತ್ತೆಗೆ ಗೊತ್ತಾಗುವಷ್ಟರಲ್ಲಿ ಬಿಸಿಲು ಬಿದ್ದಿತ್ತು.

ನಾವು ಹೋದಾಗ ರುದ್ರಪ್ಪನವರು ಹೆಂಡತಿಯ ಹಾಸಿಗೆಯ ಪಕ್ಕ ಕೂತಿದ್ದರು. ದಿನವೂ ಅಂಗಡಿ ಮುಂದೆ ಅವಳ ಮೇಲೆ ಕೂಗಾಡುವ ಮನುಷ್ಯ ಸಂಜೆಯವರೆಗೂ ಅವಳ ಮೂಗಿನ ಹತ್ತಿರ ಬೆರಳು ಇಟ್ಟು ಇಟ್ಟು ನೋಡುತ್ತಿದ್ದರು. ಊಟ ಮಾಡಲಿಲ್ಲ. ಮರುದಿನ ಅತ್ತೆ ತಾವೇ ಕೂಗಿ ಅವಳನ್ನು ಎಬ್ಬಿಸಿದ ಮೇಲೆ ರುದ್ರಪ್ಪನವರು ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತರು. "ಅಮ್ಮಾ, ನಿಮ್ಮ ಗಂಟಲು ಇರೋವರೆಗೂ ಆ ಡಬ್ಬ ಬೇಡ. ಇವತ್ತು ಇವಳು, ನಾಳೆ ಇನ್ನೊಬ್ಬರು." ನನ್ನ ಕಡೆ ತಿರುಗಿ, "ತರಕಾರಿ ಕೂಗೋಕೆ ಇಟ್ಕೋ ಅದನ್ನ" ಎಂದರು.

ಅತ್ತೆ ಚೀಲದಿಂದ ಸೀರೆಗಳನ್ನು ತೆಗೆದು ಮತ್ತೆ ಪೆಟ್ಟಿಗೆಗೆ ಹಾಕಿದರು. "ಒಬ್ಬರು ಬಿಟ್ಟುಹೋದರೂ ಅದು ಕೂಗೇ ಅಲ್ಲ ನೀಲಾ." ಅವರ ದನಿ ಆಗಲೇ ಹರಿದ ಬಟ್ಟೆಯಂತಿತ್ತು.

ತಪ್ಪು ಎಲ್ಲಿ? ನಾನೂ ರೆಹಾನಾಳೂ ಸಾಲು ಸಾಲು ಓದಿದೆವು. ಕೆಂಪು ಅಕ್ಷರವಿಲ್ಲ. ಚೆನ್ನಾಜಮ್ಮನ ಹೆಸರು ಲಿಸ್ಟಿನಲ್ಲಿ ಇದ್ದಲ್ಲೇ ಇದೆ. ಬೈಯದೆ ತಪ್ಪು ಮಾಡುವ ಯಂತ್ರದ ಮುಂದೆ ಏನು ಮಾಡುವುದು? ನಾನು ದೇವರ ಮುಂದೆ ಕೂತೆ. ರೆಹಾನಾ ಅವಳ ನಮಾಜಿನಲ್ಲಿ ಕೇಳಿಕೊಂಡಳು.

ಉತ್ತರ ಬಂದದ್ದು ಹುಗ್ಗಿಯ ಜೊತೆ. ಗುರುಲಿಂಗಯ್ಯನವರ ಹೆಸರಿನಲ್ಲಿ ಊರಿಗೆಲ್ಲ ಊಟ ಹಾಕಿದ ದಿನ. ಸತ್ತವರ ಊಟದ ಪಂಕ್ತಿಯಲ್ಲಿ ನಡುವೆ ಖಾಲಿ ಜಾಗ ಬಿಡಬಾರದೆಂಬುದು ನಮ್ಮವರ ನೇಮ. ಯಾರಾದರೂ ಎದ್ದರೆ ಅವರ ಆಚೆಗಿರುವವರೆಲ್ಲ ಎಲೆ ಸಮೇತ ಒಂದೊಂದು ಜಾಗ ಸರಿದುಕೊಳ್ಳಬೇಕು. ಅಂದು ಒಬ್ಬ ಅಜ್ಜ, ಅವರ ಆಚೆ ರೆಹಾನಾ, ಅವಳ ಪಕ್ಕ ನಾನು. ಗುರುಲಿಂಗಯ್ಯನವರ ಮಗ ಹುಗ್ಗಿಯ ಬಕೆಟ್ ಹಿಡಿದು, ತಲೆ ಎತ್ತದೆ ಎಲೆಯಿಂದ ಎಲೆಗೆ ಬರುತ್ತಿದ್ದ. ಅಜ್ಜನಿಗೆ ಬಡಿಸಿದ. ಅಷ್ಟರಲ್ಲಿ ಅಜ್ಜನಿಗೆ ಕೆಮ್ಮು ಒತ್ತರಿಸಿ ಬಂದು ಎದ್ದು ಹೋದರು. ನಾವೆಲ್ಲ ಸರ್ರನೆ ಸರಿದೆವು. ರೆಹಾನಾ ಅಜ್ಜನ ಜಾಗಕ್ಕೆ, ನಾನು ರೆಹಾನಾಳ ಜಾಗಕ್ಕೆ. ಬಡಿಸುವವನು ಮುಂದಿನ ಜಾಗಕ್ಕೆ ಹೆಜ್ಜೆ ಇಟ್ಟು ನನಗೆ ಬಡಿಸಿ ಮುಂದೆ ಹೋದ.

"ಅಣ್ಣಾ, ನನಗೆ ಹುಗ್ಗಿ ಬರಲಿಲ್ಲ" ಎಂದಳು ರೆಹಾನಾ.

"ಆ ಜಾಗಕ್ಕೆ ಹಾಕಿಬಂದೆನಲ್ಲಮ್ಮ!"

"ಜಾಗಕ್ಕೆ ಹಾಕಿದ್ರಿ ಅಣ್ಣಾ. ನನಗೆ ಹಾಕಲಿ..." ಅಂದವಳು ಅರ್ಧಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಅವಳ ಎಲೆ ನೋಡಿದೆ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಲೂಪ್ ಹೆಸರು ನೋಡುವುದಿಲ್ಲ, ಜಾಗ ನೋಡುತ್ತದೆ. ಗುರುಲಿಂಗಯ್ಯನವರು ಎದ್ದು ಹೋದರು, ಅವರ ಜಾಗಕ್ಕೆ ಚೆನ್ನಾಜಮ್ಮ ಸರಿದಳು, ಲೂಪ್ ಮುಂದಿನ ಜಾಗಕ್ಕೆ ಹೆಜ್ಜೆ ಇಟ್ಟಿತು. "ಅಲ್ಲಾ!" ಎಂದು ರೆಹಾನಾ ಎದ್ದೇಬಿಟ್ಟಳು. ಅವಳ ಆಚೆಯವರೆಲ್ಲ ಮತ್ತೆ ಎಲೆ ಹಿಡಿದು ಸರಿಯಬೇಕಾಯಿತು. "ಹುಗ್ಗಿ ಬಂದಿಲ್ಲ ಅಂತ ಇಷ್ಟು ಸಿಟ್ಟೇನಮ್ಮ?" ಎಂದು ಬಡಿಸುವವನು ಬಕೆಟ್ ಹಿಡಿದು ಹಿಂದೆ ಓಡಿ ಬಂದ.

ಸರಿಪಡಿಸುವುದು ಒಂದೇ ಮಾತಿನ ಕೆಲಸ. ಲಿಸ್ಟಿನ ಕಾಪಿ ಮಾಡಿಕೊಂಡು, ಲೂಪನ್ನು ಆ ಕಾಪಿಯ ಮೇಲೆ ನಡೆಸುವುದು, ತೆಗೆಯುವುದನ್ನು ಮೂಲದಲ್ಲಿ ತೆಗೆಯುವುದು. ನನಗೆ ಅದು ಗುಡಿಯ ಕ್ರಮವೇ ಅನ್ನಿಸಿತು. ಬೀದಿ ಸುತ್ತಿ ಬರುವುದು ಉತ್ಸವಮೂರ್ತಿ. ತೊಳೆಯುವುದು, ಒರೆಸುವುದು, ಹೂವು ತೆಗೆಯುವುದು ಗರ್ಭಗುಡಿಯೊಳಗಿನ ಮೂಲಕ್ಕೆ. ಒಂದರ ಕೆಲಸ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ.

ತೆರೆಯ ಮೇಲೆ ಹೆಸರುಗಳೆಲ್ಲ ಸರಿಯಾಗಿ ಇಳಿದವು. ಅತ್ತೆಗೆ ತೋರಿಸಿದೆ. "ತೆರೆ ಮೇಲೆ ಅಕ್ಷರ ಎದ್ದರೆ ಮನುಷ್ಯ ಎದ್ದ ಹಾಗೇನೇ? ಹೆಸರು ಬಿಡೋ ದಿನ, ಬಿಟ್ಟವರ ಮುಂದಿನವರು ಎದ್ದು ಬರೋದನ್ನ ನಾನು ಕಣ್ಣಾರೆ ನೋಡಬೇಕು. ಆಮೇಲೆ ಆಸ್ಪತ್ರೆ." ಅವರ ಮಾತೂ ನ್ಯಾಯವೇ. ಆದರೆ ಹೆಸರು ಬಿಡಬೇಕಾದರೆ ಯಾರಾದರೂ ಸಾಯಬೇಕಲ್ಲ! ಈ ಸುದ್ದಿ ಹೇಗೋ ಊರಿಗೆ ಹಬ್ಬಿತು. ವಯಸ್ಸಾದವರೆಲ್ಲ ನಮ್ಮ ಮನೆ ಮುಂದೆ ಬೇಕೆಂದೇ ಬಿರಬಿರನೆ ನಡೆಯತೊಡಗಿದರು. "ನೋಡಮ್ಮ ನೀಲಾಂಬಿಕೆ, ನಾನಂತೂ ಗಟ್ಟಿ ಇದ್ದೀನಿ" ಎಂದು ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ತೋರಿಸುವವರು. ಯಾರೂ ಸಾಯದಿರಲಿ ಎಂದು ಬೇಡಿಕೊಳ್ಳುತ್ತಿದ್ದವಳು ನಾನೇ. ಒಳಗೆ ಅತ್ತೆ ಗಂಜಿಯನ್ನೂ ನುಂಗಲಾರದೆ ಲೋಟ ಕೆಳಗಿಡುತ್ತಿದ್ದರು.

ಒಂದು ಸಂಜೆ ಅವರು ಹಾಗೆ ಲೋಟ ಕೆಳಗಿಟ್ಟದ್ದನ್ನು ಚೆನ್ನಾಜಮ್ಮ ನೋಡಿದಳು. ಮೆತ್ತಗಿನ ಇಡ್ಲಿಯನ್ನು ಹಾಲಿನಲ್ಲಿ ಕಿವುಚಿ ತಂದಿದ್ದಳು. ಹಿಂದೆಯೇ ರುದ್ರಪ್ಪನವರು. ಪಾತ್ರೆ ಇಟ್ಟವಳೇ ಹೇಳಿದಳು: "ಅಮ್ಮಾ, ನನ್ನ ಹೆಸರು ತೆಗೀರಿ. ಒಂದು ದಿನಕ್ಕೆ."

"ಏನಂದೆ?" ಎಂದರು ರುದ್ರಪ್ಪನವರು.

"ಹೋಗಿ ಬಾ ಅನ್ನೋದು ಬೇಡ. ಸುಮ್ಮನೆ ಹೆಸರು ತೆಗೀಲಿ. ನನ್ನ ಮುಂದಿನ ಹೆಸರು ಇವರದ್ದೇ ಅಲ್ವಾ? ಇವರೇ ಎದ್ದು ಬಂದರೆ ತಾನೇ ಇವರೂ ನೀವೂ ನಂಬೋದು?"

"ತಲೆ ಕೆಟ್ಟಿದೆಯೇನೇ ನಿನಗೆ? ತೆಗೆದ ಹೆಸರು ಮತ್ತೆ ಸೇರಿಸಿದ್ದನ್ನ ಈ ಊರಲ್ಲಿ ಯಾರಾದರೂ ನೋಡಿದ್ದಾರಾ?"

"ಅವತ್ತು ಬಿಟ್ಟುಹೋಗಿದ್ದೆನಲ್ಲ, ಎದ್ದೆನೋ ಇಲ್ಲವೋ? ನೀಲಕ್ಕಾ, ಸೇರಿಸೋಕೆ ಏನೋ ಇದೆ ಅಂದಿದ್ರಲ್ಲ."

"ಇನ್ಸರ್ಟ್" ಎಂದೆ. ತೂರಿಸುವುದು ನನಗೆ ಬರುತ್ತಿತ್ತು. ಆದರೆ ಅದು ಅವಳ ಜೀವ.

"ಒಂದು ಮಾತು ಹೇಳ್ತೀನಿ, ನಗಬೇಡಿ" ಎಂದಳು ಚೆನ್ನಾಜಮ್ಮ. "ಆ ದಿನ ಮಲಗಿದ ಹಾಗೆ ನಾನು ಮದುವೆಯಾದ ಮೇಲೆ ಮಲಗೇ ಇರಲಿಲ್ಲ. ಮೈಯೆಲ್ಲ ಹತ್ತಿ ಆಗಿತ್ತು. ಇನ್ನೊಂದು ಸಲ ಸಿಗುತ್ತೆ ಅಂದರೆ ನನಗೇನು ನಷ್ಟ? ಇಡ್ಲಿ ಇವರು ಬೇಯಿಸಲಿ."

ರುದ್ರಪ್ಪನವರು ಅತ್ತೆಯ ಮುಂದೆ ಇದ್ದ ಲೋಟವನ್ನೇ ನೋಡುತ್ತಿದ್ದರು. ಆಮೇಲೆ ನನಗೆ ಹೇಳಿದರು: "ಸರಿಯಾಗಿ ಬರೆದಿದ್ದೀಯ ತಾನೇ ತಂಗೀ? ಇನ್ನೊಂದು ಸಲ ಓದು." ಓದಿದೆ. ಅವರಿಗೆ ಏನೂ ಅರ್ಥವಾಗಲಿಲ್ಲ, ಆದರೂ ಕೊನೆಯವರೆಗೂ ಕಣ್ಣು ಮುಚ್ಚಿ ಕೇಳಿದರು, ಪುರಾಣ ಕೇಳುವ ಹಾಗೆ.

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ, ಕೇಳುವವರು ಆತಂಕದಲ್ಲಿ ಇರಬಾರದು. ಚೆನ್ನಾಜಮ್ಮನ ಹೆಸರು ತೆಗೆದ ಮರುದಿನವೇ ಮತ್ತೆ ತನ್ನ ಜಾಗದಲ್ಲೇ ಕೂತಿತು, ಅವಳು ಎದ್ದಳು, ಎದ್ದು ಹಿಟ್ಟಿಗೆ ಉಪ್ಪು ಜಾಸ್ತಿಯಾಗಿದೆ ಎಂದಳು. ಅತ್ತೆ ಆಪರೇಷನ್ ಆಗಿ ಮನೆಗೆ ಬಂದರು. ಈಗ ಅನ್ನ ಉಣ್ಣುತ್ತಾರೆ. ಹೊಸ ಕೂಸುಗಳಿಗೆ ಈಗ ಹೆಸರು ಕರೆಯುವವಳು ನಾನು, ಮೈಕನ್ನು ಬಾಯಿಗೆ ಹತ್ತಿರ ಹಿಡಿದು. ಅಪೆಂಡ್ ಮಾಡುವುದೂ ನಾನೇ. ಆದರೆ ಇದನ್ನೆಲ್ಲ ಬರೆಯಲು ಕೂತದ್ದು ಆ ಒಂದು ಬೆಳಗಿಗಾಗಿ.

ಅಂದು ನನ್ನ ಹೆಸರಿಗೆ ಎಚ್ಚರವಾದಾಗ ಕೂಗುತ್ತಿದ್ದುದು ಅತ್ತೆಯ ದನಿ, ಬಾಗಿಲಲ್ಲಿ ತುಟಿ ಬಿಗಿದು ನಿಂತಿದ್ದವರೂ ಅತ್ತೆ. ಇಬ್ಬರೂ ಬಾವಿ ಬೀದಿಗೆ ನಡೆದೆವು. ಆಕಾಶ ಆಗತಾನೆ ತಿಳಿಯಾಗುತ್ತಿತ್ತು. ತಲೆಯ ಮೇಲೆ ಹೆಸರುಗಳು ಒಂದಾದ ಮೇಲೊಂದು ಹೋಗುತ್ತಿದ್ದವು, ನಾವು ದಾಟಿದ ಮನೆಗಳಲ್ಲಿ ಚಿಲಕ ತೆಗೆಯುವ ಸದ್ದು, ಕೊಡದ ಸದ್ದು. ರೆಹಾನಾ ದುಪಟ್ಟಾ ಸರಿಮಾಡಿಕೊಳ್ಳುತ್ತಾ ಓಡಿ ಬಂದು ನನ್ನ ತೋಳು ಹಿಡಿದಳು. ಬಾವಿ ಬೀದಿಯ ಪದ್ಯ ಶುರುವಾಯಿತು. ಚೆನ್ನಾಜಮ್ಮನ ಹೆಸರು ಇರಬೇಕಾದ ಕಡೆ ಒಂದು ಉಸಿರಿನಷ್ಟು ಮೌನ. ಅತ್ತೆಯ ಕೈ ತಮ್ಮ ಗಂಟಲ ಮೇಲಿತ್ತು. ಅವರೇ ಕೂಗಿಬಿಡುತ್ತಾರೇನೋ ಅಂದುಕೊಂಡೆ.

"ರುದ್ರಪ್ಪಣ್ಣಾ..." ಎಂದಿತು ಸ್ಪೀಕರ್.

ಒಳಗೆ ಸದ್ದಿಲ್ಲ. ರೆಹಾನಾಳ ಉಗುರು ನನ್ನ ತೋಳಿಗೆ ನಾಟಿತು. ಆಮೇಲೆ ಒಂದು ಕೆಮ್ಮು. ಏನೋ ಉರುಳಿ ಬಿದ್ದ ಶಬ್ದ. ಬಾಗಿಲು ತೆರೆದು ರುದ್ರಪ್ಪನವರು ಕೆದರಿದ ತಲೆಯಲ್ಲಿ ಹೊರಗೆ ಬಂದು, ಬೀದಿಗೆಲ್ಲ ಕೇಳುವಂತೆ, "ಎದ್ದೆ! ಎದ್ದಿದ್ದೀನಿ ಕಣ್ರೋ!" ಎಂದರು. ನಮ್ಮನ್ನು ಕಂಡು ಕಣ್ಣು ಒರೆಸಿಕೊಂಡರು. ಒರೆಸಿಕೊಂಡು, "ನೀಲಾಂಬಿಕೆ, ಹಿಟ್ಟಿನ ಪಾತ್ರೆ ಎಲ್ಲಿಡ್ತಾಳೆ ಇವಳು, ನಿನಗೇನಾದರೂ ಗೊತ್ತಾ?" ಎಂದು ಕೇಳಿದರು.

ನಾನೂ ರೆಹಾನಾಳೂ ಅಡುಗೆಮನೆಯಲ್ಲಿ ಅವರ ಜೊತೆ ಹುಡುಕತೊಡಗಿದೆವು. ಅತ್ತೆ ಒಳಕೋಣೆಗೆ ಹೋದರು. ಚೆನ್ನಾಜಮ್ಮ ಒಂದು ಕೈಯನ್ನು ಕೆನ್ನೆಯ ಅಡಿಗೆ ಇಟ್ಟುಕೊಂಡು, ಬಾಯಿ ಒಂಚೂರು ತೆರೆದು ನಿದ್ದೆ ಹೋಗಿದ್ದಳು. ಅತ್ತೆ ಹಾಸಿಗೆಯ ಅಂಚಿನಲ್ಲಿ ಕೂತು ಅವಳ ಕಾಲಿನಿಂದ ಜಾರಿದ್ದ ಹೊದಿಕೆಯನ್ನು ಎಳೆದು ಹೊದಿಸಿದರು. ಮುಖದ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿದರು. ಪಟ್ಟಣದ ಬಸ್ಸಿಗೆ ಹೊತ್ತಾಗಿತ್ತು, ಕರೆಯಲು ಹೋದ ನಾನು ಬಾಗಿಲಲ್ಲೇ ನಿಂತೆ. ಬದುಕೆಲ್ಲ ಜನರನ್ನು ಎಬ್ಬಿಸಿದ ಆ ಗಂಟಲಿನಿಂದ ಆಮೇಲೆ ಮಾತು ಬರಲಿಲ್ಲ. ದಾರಿಯಲ್ಲೂ ಇಲ್ಲ, ಆಸ್ಪತ್ರೆಯಲ್ಲೂ ಇಲ್ಲ. ಕೊನೆಯದನ್ನು ಕೇಳಿಸಿಕೊಂಡವಳು ನಾನೊಬ್ಬಳೇ.

"ಮಲಗು ಮಗಳೇ," ಎಂದರು ಅತ್ತೆ. "ಮಲಗು."